ಕಾಣದ ಬೆಳಕಿಗೆ ಕಣ್ಣಿಟ್ಟ ಭಾವ

ಕಂಪನಿಯವರು ವರದಿಯಲ್ಲಿ ‘ಅಜಾಗರೂಕತೆ’ ಅಂತ ಒಂದೇ ಪದ ಬರೆದು ನಮ್ಮ ಭಾವನ ಜೀವಮಾನದ ಕೆಲಸವನ್ನೆಲ್ಲ ತೊಳೆದುಹಾಕಿದರು. ಆ ಪದ ನೆನಪಾದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ.

ಭಾವ ನನ್ನ ಅಕ್ಕನ ಗಂಡ. ಎಡಗಣ್ಣು ಹುಟ್ಟಿನಿಂದಲೇ ಮಂದ. ಬಲಗಣ್ಣೇ ಅವನ ಅನ್ನ. ಕಂಪ್ಯೂಟರುಗಳಿಗೆ ತಂತಿ ಜೋಡಿಸುವ ನಮ್ಮ ಕೆಲಸದಲ್ಲಿ ತಾಮ್ರದ ತಂತಿ ಹೋಗಿ ಗಾಜಿನ ಎಳೆ ಬಂದಾಗ ನಾವೆಲ್ಲ ಹೆದರಿದೆವು. ಅವನು ಕಲಿತ, ನನಗೂ ಬೈದು ಬೈದು ಕಲಿಸಿದ. ಕಪಾಟುಗಳ ತುಂಬ ಕಂಪ್ಯೂಟರುಗಳು ಗುಂಯ್ ಎನ್ನುವ ಆ ತಣ್ಣನೆಯ ದೊಡ್ಡ ಕೋಣೆಯಲ್ಲಿ ಒಂದರ ಮಾತು ಇನ್ನೊಂದಕ್ಕೆ ಮುಟ್ಟುವುದು ಬೆಳಕಿನಿಂದ. ಕೂದಲಿನಂಥ ಗಾಜಿನೊಳಗೆ ಓಡುವ ಆ ಬೆಳಕು ಕಣ್ಣಿಗೆ ಕಾಣುವುದಿಲ್ಲ. ತುದಿಗೆ ಧೂಳು ಕೂತರೆ ಮಾತು ಕೆಟ್ಟಿತು. ಅದಕ್ಕೇ ಜೋಡಿಸುವ ಮುಂಚೆ ತುದಿಯನ್ನು ಪುಟ್ಟ ಮೈಕ್ರೋಸ್ಕೋಪಿನಲ್ಲಿ ನೋಡಬೇಕು, ನೋಡುವ ಮುಂಚೆ ಆಚೆ ಕಡೆ ಬೆಳಕು ನಿಲ್ಲಿಸಿರಬೇಕು; ಕಾಣದಿದ್ದರೂ ಅದು ಕಣ್ಣು ಸುಡುತ್ತದೆ.

ಅವತ್ತು ಮೈಕ್ರೋಸ್ಕೋಪು ಇದ್ದದ್ದು ನನ್ನ ಕೈಯಲ್ಲಿ. ಭಾವ ಮೇಲಿನ ಕೋಣೆಯ ಎಂಜಿನಿಯರನಿಗೆ ಫೋನು ಮಾಡಿದ.

“ಸಾರ್, ಆಫ್ ಆಯ್ತಾ?”

“ಆಯ್ತು ಕಣ್ರೀ, ಎಷ್ಟ್ ಸಲ ಕೇಳ್ತೀರಾ!”

ನಾನು ಕಣ್ಣಿಡಬೇಕು, ಅಷ್ಟರಲ್ಲಿ ಭಾವ ಕಿತ್ತುಕೊಂಡ. “ಕೊಡೋ ಇಲ್ಲಿ. ಎದುರಿಗೆ ಬರೋ ಬಸ್ಸೇ ಕಾಣಲ್ಲ ನಿಂಗೆ, ಧೂಳು ಕಾಣತ್ತಾ?”

“ಆಯ್ತಪ್ಪಾ, ಒಂಟಿಗಣ್ಣಿನ ಹದ್ದು ನೀನು!”

ನಗುತ್ತಲೇ ಬಗ್ಗಿ ನೋಡಿದ, ತುಂಬ ಹೊತ್ತು. “ಚೊಕ್ಕ ಇದೆ” ಅಂದ. ನೋವಿಲ್ಲ, ಉರಿಯಿಲ್ಲ.

ಸಂಜೆ ಮನೆಯಲ್ಲಿ ಅಕ್ಕನನ್ನು ನೋಡಿ, “ನಿನ್ ಮೂಗೆಲ್ಲಿ ಹೋಯ್ತೇ?” ಅಂದ. ಅವಳು ತಮಾಷೆಯೆಂದು ನಕ್ಕಳು.

ಕಣ್ಣಿನ ನಡುಭಾಗ ಬೆಳಕಿಗೆ ಸುಟ್ಟಿದೆ, ಇನ್ನು ಸರಿಹೋಗುವುದಿಲ್ಲ ಎಂದರು ಡಾಕ್ಟರು. ನಾನು ನೆಟ್ಟಗೆ ಎಂಜಿನಿಯರನ ಮುಂದೆ ಹೋಗಿ ನಿಂತೆ. “ಅದರ ಬದಲು ಪಕ್ಕದ ಲೈನ್ ಆಫ್ ಮಾಡ್ಬಿಟ್ನೇನೋ...” ಅಂತ ತೊದಲಿದ. ಕಂಪನಿಯ ವಿಚಾರಣೆಯ ದಿನ ಅದೇ ಬಾಯಿಗೆ ಬೀಗ. ನಾನು ಮೇಜು ಗುದ್ದಿದೆ. ನನ್ನನ್ನೇ ಹೊರಗೆ ದಬ್ಬಿದರು.

ಭಾವ ಪರಿಹಾರದ ಮಾತೇ ಎತ್ತಲಿಲ್ಲ. “ತಪ್ಪು ನಂದಲ್ಲ ಅಂತ ಅವನ ಬಾಯಲ್ಲಿ ಒಂದ್ಸಲ ಹೇಳಿಸೋ. ಅಷ್ಟು ಸಾಕು.”

“ಹೇಳಿಸ್ತೀನಿ ಭಾವ, ಕುತ್ತಿಗೆ ಹಿಡಿದಾದ್ರೂ.”

ಆಮೇಲೆ ನನ್ನ ಹೆಜ್ಜೆ ಸದ್ದು ಕೇಳಿದರೆ ಸಾಕು, ಬಾಗಿಲ ಕಡೆ ಮುಖ ತಿರುಗಿಸುತ್ತಿದ್ದ. “ಹೇಳಿದ್ನಾ?”

“ಇವತ್ತು ಸಿಗಲಿಲ್ಲ ಭಾವ.”

ಎಂಜಿನಿಯರ್ ದೊಡ್ಡ ಸಾಹೇಬನಾದ. ಕಾವಲುಗಾರ ನನ್ನನ್ನು ಗೇಟು ದಾಟಲು ಬಿಡಲಿಲ್ಲ. ಬರಬರುತ್ತಾ ಭಾವ ಕೇಳುವುದನ್ನೇ ನಿಲ್ಲಿಸಿದ. ಹೋದ ಚಳಿಗಾಲದಲ್ಲಿ ತೀರಿಕೊಂಡ.

ಆ ಮಾತನ್ನು ನಾನು ಹೇಳಿಸಲೇ ಇಲ್ಲ. ನನ್ನ ಎರಡು ಕಣ್ಣೂ ನೆಟ್ಟಗಿವೆ.