ವಿಭೂತಿ ಹಚ್ಚಿದ ಗುಳಿಗಿ

ಕುಂದಗೋಳ ಕಡೆಯ ಒಂದು ಮಠದ ಧರ್ಮಾರ್ಥ ದವಾಖಾನಿಗೆ ನಾನು ಹುಬ್ಬಳ್ಳಿಯಿಂದ ಔಷಧ ತಂದುಕೊಡುತ್ತಿದ್ದೆ. ಅಲ್ಲಿಯ ಕಂಪೌಂಡರ್, ಯಾರು ಏನೇ ತೊಡಕು ಹೇಳಲಿ, ಮೂಗಿನ ತುದಿಗೆ ಜಾರಿದ ಕನ್ನಡಕ ಏರಿಸಿ, "ಅದಕ್ಕೂ ದಾರಿ ಐತ್ರಿ" ಅಂತಿದ್ದರು.

ಒಮ್ಮೆ ಜರ್ಮನಿಯ ಹೆಣ್ಣುಮಗಳೊಬ್ಬಳು ಕೀವಾದ ಕಾಲು ಎಳಕೊಂಡು ಬಂದಳು. ಮಠದ ವಿಭೂತಿ ಹಚ್ಚಿದರೆ ಎಂಥ ಗಾಯವೂ ಮಾಯುತ್ತದೆ ಅಂತ ಯಾರೋ ಹೇಳಿದ್ದರಂತೆ. ಡಾಕ್ಟರು ಬರೆದುಕೊಟ್ಟ ಗುಳಿಗಿ ಮುಟ್ಟಲೊಲ್ಲಳು.

"ಗುಳಿಗಿ ತಮ್ಮೂರಾಗೂ ಸಿಗತಾವಂತ. ವಿಭೂತಿ ಅಷ್ಟ ಸಾಕಂತ," ಎಂದು ನಾನೇ ಆಕೆಯ ಇಂಗ್ಲಿಷನ್ನು ಕನ್ನಡಕ್ಕೆ ತಿರುಗಿಸಿದೆ, ಸಿಟ್ಟಿನಿಂದಲೇ.

"ಹಿಂಗಾದ್ರ ಕಾಲ ಹೋಗತೈತಿ!" ಡಾಕ್ಟರು ತಲೆ ಚಚ್ಚಿಕೊಂಡರು.

"ಅದಕ್ಕೂ ದಾರಿ ಐತ್ರಿ," ಅಂದ ಕಂಪೌಂಡರ್ ಗುಳಿಗಿಯನ್ನು ಒಯ್ದು ಗದ್ದುಗೆಯ ಮುಂದಿಟ್ಟರು. ಪಾಕೀಟಿನ ಮೇಲೆ ಮೂರು ಬೆರಳಲ್ಲಿ ವಿಭೂತಿ ಎಳೆದು ತಂದರು.

ಇದು ಔಷಧವಲ್ಲವೇ ಅಂತ ಆಕೆ ಕೇಳಿದಳು.

"ಗದ್ದುಗಿ ಮುಂದ ಹೋಗೂತನಕ ಔಷಧ ಇತ್ರಿ, ಅಕ್ಕಾರ. ಈಗ ಪ್ರಸಾದ. ಒಲ್ಲೆ ಅನಬಾರದು."

ಕಂಪೌಂಡರ್ ಮಾತನ್ನು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ಕಣ್ಣು ಮುಚ್ಚಿ ನುಂಗಿದಳು. ದಿನಾ ಹಾಗೇ ನುಂಗಿದಳು, ಗಾಯ ಒಣಗಿತು.

ಮುಂದಿನ ತಿಂಗಳು ಆಕೆಯ ಮಾತು ಕೇಳಿ ಇನ್ನೂ ನಾಲ್ಕು ಮಂದಿ ಫಾರಿನ್ನಿನವರು ಬಂದಿಳಿದರು. ಕಂಪೌಂಡರ್ ನನಗೆ ಫೋನ್ ಮಾಡಿದರು:

"ಸಾಹೇಬ್ರ, ವಿಭೂತಿ ಬೇಕನ್ನೋ ಮಂದಿ ಹೆಚ್ಚಾಗ್ಯಾರ. ಗುಳಿಗಿ ಎರಡು ಡಬ್ಬಿ ಜಾಸ್ತಿ ತರ್ರಿ."