ಬೇಡ ಎಂಬ ಒಂದು ಸಾಲು

ಕೆಂಡಕ್ಕನಿಗೆ ಆ ಹೆಸರು ಇಟ್ಟವರು ಆಫೀಸಿನ ನಾವಲ್ಲ, ಅವಳ ಅತ್ತೆ. ಮದುವೆಯಾಗಿ ಬಂದ ಮೊದಲ ವಾರವೇ ಸೊಸೆ ಸೋರುವ ನಲ್ಲಿಯ ವಿಷಯಕ್ಕೆ ಮನೆಯ ಮಾಲೀಕನೊಡನೆ ಮೆಟ್ಟಿಲ ಮೇಲೆ ನಿಂತು ಜಗಳವಾಡಿದಳು; ಅದೇ ಸಂಜೆ ನಲ್ಲಿ ರಿಪೇರಿಯಾಯಿತು. ಅದನ್ನು ಕಂಡು ಅತ್ತೆ ಮಗನಿಗೆ, "ಏನೋ ಇದು, ಕೆಂಡ ಕಟ್ಕೊಂಡು ಬಂದಿದೀಯಲ್ಲೋ!" ಎಂದರಂತೆ. ಮಗ ಬಸ್ ಓಡಿಸುವವನು, ಹತ್ತು ಮಾತಿಗೆ ಒಂದು ಮಾತು ಆಡುವ ಜಾಯಮಾನದವನು. "ಚಳಿಗೆ ಒಳ್ಳೇದಮ್ಮ" ಎಂದು ಊಟ ಮುಂದುವರಿಸಿದನಂತೆ. ಈ ಕಥೆಯನ್ನು ಕೆಂಡಕ್ಕನೇ ಬಂದವರಿಗೆಲ್ಲ ಹೇಳಿಕೊಂಡು ನಗುತ್ತಿದ್ದಳು, ಹೆಸರು ಉಳಿಯಿತು.

ನಾವು ಕೆಲಸ ಮಾಡುವುದು ಆಸ್ಪತ್ರೆಗಳ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವ ಒಂದು ಸಣ್ಣ ಕಂಪನಿಯಲ್ಲಿ. ಲಾಂಡ್ರಿಯ ಮೇಲಿನ ಮಹಡಿ. ಕೆಳಗಿನ ಇಸ್ತ್ರಿಯ ಬಿಸಿ ನೆಲದಿಂದ ಪಾದಕ್ಕೆ ತಟ್ಟುತ್ತದೆ. ಇಲ್ಲಿಗೆ ಬರುವ ಮೊದಲು ಕೆಂಡಕ್ಕ ಒಂದು ಆಸ್ಪತ್ರೆಯಲ್ಲಿ ರಿಪೋರ್ಟ್ ಕೊಡುವ ಕಿಟಕಿಯ ಹಿಂದೆ ಕೂರುತ್ತಿದ್ದಳು. "ಕಂಪ್ಯೂಟರ್ ಕೆಟ್ಟಿದೆ, ನಾಳೆ ಬನ್ನಿ" ಎಂದು ಹೇಳಿ ಹೇಳಿ ಅವಳ ನಾಲಿಗೆ ಸವೆದಿತ್ತು. ಒಮ್ಮೆ ಹೊಟ್ಟೆ ಹಿಡಿದುಕೊಂಡು ನಿಂತಿದ್ದ ಮುದುಕನೊಬ್ಬ, "ಕಂಪ್ಯೂಟರಿಗೆ ಏನಾಗಿದೆ ಮಗಳೇ?" ಎಂದು ನಿಜವಾದ ಕಾಳಜಿಯಿಂದ ಕೇಳಿದ. ಅವಳಿಗೆ ಗೊತ್ತಿರಲಿಲ್ಲ. ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಆ ಸಿಟ್ಟಿಗೇ ಅವಳು ಸಂಜೆ ತರಗತಿಗೆ ಸೇರಿ ಕಂಪ್ಯೂಟರ್ ಕಲಿತದ್ದು. ಬೇರೆಯವರು ಆಸೆಯಿಂದ ಓದುತ್ತಾರೆ, ಅವಳು ಹಟದಿಂದ ಓದಿದಳು.

ನಮ್ಮಲ್ಲಿ ಅವಳ ಸುಪರ್ದಿಗೆ ಬಂದದ್ದು "ತಿಜೋರಿ". ಅದೊಂದು ಸಾಫ್ಟ್‌ವೇರ್, ತಿಜೋರಿ ಎಂದು ಕರೆದವರು ನಾವು. ಆಸ್ಪತ್ರೆಗಳ ಪಾಸ್‌ವರ್ಡುಗಳೆಲ್ಲ ಅದರೊಳಗೆ ಬೇರೆಬೇರೆ ಖಾನೆಗಳಲ್ಲಿರುತ್ತವೆ. ಯಾವುದೇ ಪ್ರೋಗ್ರಾಂ ತನ್ನ ಗುರುತು ತೋರಿಸಿ, ತನಗೆ ಬೇಕಾದ ಪಾಸ್‌ವರ್ಡನ್ನು ಅಲ್ಲಿಂದ ಪಡೆದುಕೊಳ್ಳಬೇಕು. ಯಾರು ಯಾವ ಖಾನೆ ತೆರೆಯಬಹುದು ಎಂಬುದಕ್ಕೆ ನಿಯಮಗಳಿವೆ. ಆ ನಿಯಮ ಬರೆಯುವ ಅಧಿಕಾರ ಇದ್ದದ್ದು ಮೂವರಿಗೆ: ಕೆಂಡಕ್ಕ, ನಾನು, ನಮ್ಮ ಮ್ಯಾನೇಜರ್.

ಮ್ಯಾನೇಜರ್ ಮಾತಿನಲ್ಲಿ ಬೆಣ್ಣೆ. ಒಂದು ದಿನ ಆತ ಅವಸರಕ್ಕೆ ಒಂದು ದೊಡ್ಡ ಆಸ್ಪತ್ರೆಯ ಪಾಸ್‌ವರ್ಡನ್ನು ಎಲ್ಲರೂ ಇರುವ ಫೋನ್ ಗ್ರೂಪಿಗೆ ಹಾಕಿಬಿಟ್ಟ. ಕೆಲಸ ಬಿಟ್ಟು ಹೋದವರೂ ಇನ್ನೂ ಅದರಲ್ಲಿದ್ದರು. ಮೀಟಿಂಗಿನಲ್ಲಿ ಕೆಂಡಕ್ಕ ಎದ್ದು ನಿಂತಳು.

"ಸರ್, ಮನೆಗೆ ಬೀಗ ಹಾಕಿ ಕೀನ ಬಾಗಿಲಿಗೇ ನೇತು ಹಾಕಿದ್ರಲ್ಲ! ನಿಮ್ಮ ಸ್ವಂತ ಮನೆ ಆಗಿದ್ರೆ ಹೀಗ್ ಮಾಡ್ತಿದ್ರಾ?"

ಎಲ್ಲರೂ ನಕ್ಕರು. ಆತನೂ ನಕ್ಕ, ಆದರೆ ಹಲ್ಲಿನಲ್ಲಿ ಮಾತ್ರ. ಅದಾದ ಸ್ವಲ್ಪ ದಿನಕ್ಕೆ ನಾನು ಹೆರಿಗೆ ರಜೆಯ ಮೇಲೆ ಮನೆಗೆ ಬಂದೆ.

ಮಗಳಿಗೆ ಇನ್ನೂ ಕತ್ತು ನಿಂತಿರಲಿಲ್ಲ. ಬೆಳಿಗ್ಗೆ ಹಾಲು ಕುಡಿಸುತ್ತ ಕೂತಿದ್ದಾಗ ಮ್ಯಾನೇಜರ್ ಫೋನ್ ಬಂತು. ಕ್ಷೇಮ ಸಮಾಚಾರ ಏನೂ ಇಲ್ಲ.

"ರಜೆ ಮೇಲೆ ಹೋಗೋ ಮುಂಚೆ ತಿಜೋರೀಲಿ ಏನ್ ಮಾಡಿ ಹೋದ್ರಿ ಮೇಡಂ? ಲ್ಯಾಬ್ ರಿಪೋರ್ಟ್ ಎಲ್ಲ ನಿಂತು ಹೋಗಿದೆ. ಆಸ್ಪತ್ರೆಯವರಿಗೆ ನಾನು ಏನಂತ ಹೇಳಲಿ? ನಿಮ್ಮ ಹೆಸರು ಹೇಳ್ಲಾ?"

ಬಾಣಂತಿಯ ತಲೆ ಮೊದಲೇ ಮಂಜು; ನಾನೇ ಏನಾದರೂ ಎಡವಟ್ಟು ಮಾಡಿದ್ದೆನೇನೋ ಎನಿಸಿತು. ಫೋನ್ ಇಟ್ಟ ಮೇಲೆ ಅಮ್ಮ ನನ್ನ ಮುಖ ನೋಡಿ, "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆಯೋಕೆ ಬಂದಿದಾನಾ ಅವನು?" ಎಂದು ಮಗುವನ್ನು ಎತ್ತಿಕೊಂಡರು. ಅಷ್ಟರಲ್ಲಿ ಕೆಂಡಕ್ಕನ ಫೋನ್.

"ನಿಂಗೂ ಮಾಡಿದ್ನಾ? ಅಳಬೇಡ. ಫೋನ್ ಇಡಬೇಡ. ಸ್ಪೀಕರ್ ಹಾಕಿ ಟೇಬಲ್ ಮೇಲೆ ಇಟ್ಟಿದೀನಿ. ಯಾರ್ ಯಾರು ಏನ್ ಏನ್ ಮಾತಾಡ್ತಾರೆ, ನೀನೂ ಕೇಳು."

ಹೀಗಾಗಿ ಆ ದಿನ ನಡೆದದ್ದನ್ನೆಲ್ಲ ನಾನು ಮನೆಯಲ್ಲಿ ಕೂತೇ ಕೇಳಿಸಿಕೊಂಡೆ.

ಆಗಿದ್ದು ಇಷ್ಟು. ಬೆಳಿಗ್ಗೆ ಎಂದಿನ ನಿರ್ವಹಣೆಗಾಗಿ ಆ ದೊಡ್ಡ ಆಸ್ಪತ್ರೆಯ ಸರ್ವರ್ ಆಫ್ ಮಾಡಿ ಆನ್ ಮಾಡಿದ್ದರು. ಲ್ಯಾಬ್ ರಿಪೋರ್ಟುಗಳನ್ನು ಡಾಕ್ಟರಿಗೆ ಕಳಿಸುವ ಪ್ರೋಗ್ರಾಂ ಎದ್ದು, ಪಾಸ್‌ವರ್ಡ್ ಕೊಡು ಎಂದು ತಿಜೋರಿಯನ್ನು ಹೊಸದಾಗಿ ಕೇಳಿತು. "ಅನುಮತಿ ಇಲ್ಲ" ಎಂಬ ಉತ್ತರ ಬಂತು. ರಿಪೋರ್ಟುಗಳು ಲ್ಯಾಬಿನಲ್ಲೇ ಉಳಿದವು, ಡಾಕ್ಟರುಗಳು ಮೇಲಿನ ಮಹಡಿಯಲ್ಲಿ ಕಾಯುತ್ತ ಕೂತರು.

ಇನ್ನೊಂದು ಫೋನಿನಲ್ಲಿ ಲ್ಯಾಬ್ ನೋಡಿಕೊಳ್ಳುವ ಹೆಂಗಸು ಕೂಗಾಡುತ್ತಿದ್ದರು. "ನನ್ನ ಹುಡುಗಿಯರು ಚೀಟಿ ಹಿಡ್ಕೊಂಡು ಮೆಟ್ಟಿಲು ಹತ್ತಿ ಇಳೀತಿದಾರೆ. ಆಪರೇಷನ್ ಟೇಬಲ್ ಮೇಲೆ ಒಬ್ಬರು ಮಲಗಿದಾರೆ. ನಿಮಗೇನು, ಎ.ಸಿ. ರೂಮಲ್ಲಿ ಕೂತು ನೋಡ್ತೀವಿ ನೋಡ್ತೀವಿ ಅಂತೀರ!"

"ಎ.ಸಿ. ಕೆಟ್ಟು ವರ್ಷ ಆಯ್ತಮ್ಮ," ಎಂದಳು ಕೆಂಡಕ್ಕ. "ನೀವು ಬೈಯಿರಿ, ಬೈಯೋದು ನ್ಯಾಯ. ಆಪರೇಷನ್‌ದು ಮೊದಲು ಬಾಯಲ್ಲೇ ಓದಿ ಹೇಳಿಬಿಡಿ, ಹೆಸರು ಎರಡು ಸಲ ಕೇಳಿ. ನಾನು ಇಲ್ಲಿಂದ ಏಳಲ್ಲ."

"ಸರಿ" ಎಂದರು ಆ ಕಡೆಯಿಂದ, ದನಿ ಸ್ವಲ್ಪ ಇಳಿದಿತ್ತು.

ತಿಜೋರಿಯ ಕೆಟ್ಟ ಗುಣವೆಂದರೆ ಅದು ಯಾವುದಕ್ಕೂ ಕಾರಣ ಹೇಳುವುದಿಲ್ಲ. ಖಾನೆಯೇ ಇಲ್ಲದಿದ್ದರೂ "ಅನುಮತಿ ಇಲ್ಲ", ಹೆಸರಿನ ಒಂದಕ್ಷರ ತಪ್ಪಿದರೂ "ಅನುಮತಿ ಇಲ್ಲ", ನಿಜವಾಗಿ ಅನುಮತಿ ಇಲ್ಲದಿದ್ದರೂ ಅದೇ ಮಾತು. ಕೆಂಡಕ್ಕ ಮೊದಲು ಖಾನೆಯ ಹೆಸರನ್ನು ಅಕ್ಷರ ಅಕ್ಷರ ಓದಿದಳು, ಸರಿಯಿತ್ತು. ಬಂದದ್ದು ಆ ಪ್ರೋಗ್ರಾಮೇ ಹೌದೇ ಎಂದು ಗುರುತು ನೋಡಿದಳು, ಹೌದು. ಆ ಗುರುತು ನಮ್ಮ ತಂಡದ ಹೆಸರಿನಡಿಯಲ್ಲೇ ದಾಖಲಾಗಿತ್ತು. "ಈ ಖಾನೆ ಓದಬಹುದು" ಎಂದು ಹೊಸ ನಿಯಮವನ್ನೇ ಬರೆದು ಕೊಟ್ಟಳು. ಆಗಲೂ ಅನುಮತಿ ಇಲ್ಲ. ಮೇಜಿನ ಮೇಲೆ ಅಂಗೈ ಬಡಿದ ಸದ್ದು ಫೋನಿನಲ್ಲಿ ಕೇಳಿ ನಾನೇ ಬೆಚ್ಚಿದೆ.

ಮ್ಯಾನೇಜರ್ ಬಂದ. "ಎಲ್ಲರಿಗೂ ಎಲ್ಲಾ ಖಾನೆಗೂ ಪೂರ್ತಿ ಅಧಿಕಾರ ಕೊಟ್ಟುಬಿಡಿ. ಆಮೇಲೆ ಸರಿ ಮಾಡಿದ್ರಾಯ್ತು."

"ಇಲಿ ಬಂತು ಅಂತ ಮನೆಗೇ ಬೆಂಕಿ ಇಡೋದಾ ಸರ್? ಆ ಆಮೇಲೆ ಅನ್ನೋದು ಈ ಆಫೀಸಲ್ಲಿ ಯಾವತ್ತಾದ್ರೂ ಬಂದಿದ್ಯಾ?"

"ಹಾಗಾದ್ರೆ ರಜೆ ಮೇಲಿರೋ ಮೇಡಂ ಏನೋ ಕೆಡಿಸಿ ಹೋಗಿದಾರೆ ಅಂತ ಬರೆದು ಕಳಿಸ್ತೀನಿ. ಕೊನೇಲಿ ನಿಯಮ ಮುಟ್ಟಿದ್ದು ಅವರೇ."

"ಆ ಮಗು ಎದೆಹಾಲು ಕುಡೀತಿದೆ ಸರ್. ಅದರ ತಾಯಿ ತಲೆ ಮೇಲೆ ಗೂಬೆ ಕೂರಿಸ್ತೀರಾ? ಎದುರಿಗಿಲ್ಲ, ಉತ್ತರ ಕೊಡಲ್ಲ ಅಂತ ತಾನೇ?" ಅವಳ ದನಿ ಏರಿತು. "ಒಂದಕ್ಷರ ಕಳಿಸಿದ್ರೂ ಆಸ್ಪತ್ರೆಗೆ ನಾನೇ ಬೇರೆ ಪತ್ರ ಬರೀತೀನಿ. ಈಗ ಪಕ್ಕಕ್ಕೆ ಸರೀರಿ, ಬೆಳಕು ಬಿಡಿ."

ಆ ಹೊತ್ತಿಗೆ ನನ್ನ ಅಳು ನಿಂತು ರೋಷ ಬಂದಿತ್ತು. ರೋಷದಲ್ಲಿ ತಲೆಯೂ ತಿಳಿಯಾಯಿತು. "ಅಕ್ಕಾ," ಎಂದೆ, "ತಿಜೋರೀಲಿ ನೂರು ಹೂಂ ಇದ್ರೂ ಒಂದು ಊಹೂಂ ಇದ್ರೆ ಅದೇ ಗೆಲ್ಲೋದು. ಸೇರಿಸ್ತಾ ಹೋಗಬೇಡ. ಒಂದೊಂದೇ ತೆಗೀತಾ ಬಾ."

"ಅಯ್ಯೋ ನನ್ನ ಬುದ್ಧಿಗಿಷ್ಟು!" ಎಂದಳು.

ವರ್ಷಗಳಿಂದ ಒಂದರ ಮೇಲೊಂದು ಪೇರಿಸಿದ ನಿಯಮಗಳು ಅವು, ಒಂದೊಂದೂ ಮಾರುದ್ದ. ಅವಳು ಪರೀಕ್ಷೆಗೆಂದು ಅಂಥದ್ದೇ ಇನ್ನೊಂದು ಗುರುತು ಮಾಡಿ, ಅದರಿಂದ ಒಂದೊಂದೇ ನಿಯಮ ಕಳಚುತ್ತ, ಪ್ರತಿ ಸಲವೂ ಖಾನೆ ತಟ್ಟಿ ನೋಡಿದಳು. ಇಲ್ಲ. ಇಲ್ಲ. ನಾನು ಇತ್ತ ಮಗುವನ್ನು ಭುಜಕ್ಕೆ ಹಾಕಿಕೊಂಡು ಅತ್ತಿಂದಿತ್ತ ನಡೆದೆ. ನಡುವೆ ಲ್ಯಾಬಿನವರು ಫೋನ್ ಮಾಡಿ, ಆಪರೇಷನ್‌ನವರ ರಿಪೋರ್ಟ್ ಓದಿ ಹೇಳಿಯಾಯಿತು, ಕೆಲಸ ಶುರುವಾಗಿದೆ ಎಂದರು. ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟೆವು.

ಆಮೇಲೆ, "ತೆರೀತು!" ಎಂಬ ಕೂಗು.

"ಸಾಮಾನ್ಯ" ಎಂಬ ಪಾಪದ ಹೆಸರಿನ ಒಂದು ನಿಯಮ ಕಳಚಿದೊಡನೆ ಖಾನೆ ತೆರೆದುಕೊಂಡಿತ್ತು. ಅದರ ತಳದಲ್ಲಿ ಒಂದು ಸಾಲು. ಕೆಂಡಕ್ಕ ಅದನ್ನು ಇಡೀ ಆಫೀಸಿಗೆ ಕೇಳುವಂತೆ ಓದಿದಳು: ಈ ತಂಡದ ಯಾರೂ ಆ ಆಸ್ಪತ್ರೆಯ ಯಾವ ಖಾನೆಯನ್ನೂ ತೆರೆಯಕೂಡದು. ಓದಿ ಅಲ್ಲೇ ಅಳಿಸಿದಳು; ನಿಂತಿದ್ದ ರಿಪೋರ್ಟುಗಳು ಹೊರಟವು.

"ಇದನ್ನ ನಾನು ಬರೆದಿಲ್ಲ. ಅವಳು ಬರೆದಿಲ್ಲ. ಈ ಆಸ್ಪತ್ರೆ ಖಾನೆಗಳಿಗೆ ನಾನು ಕೈ ಹಾಕದೆ ತಿಂಗಳು ಆಯ್ತು, ಅದಕ್ಕೇ ನನ್ನನ್ನೂ ಹೊರಗಿಟ್ಟಿರೋದು ನಂಗೇ ಗೊತ್ತಾಗಿಲ್ಲ. ಉಳಿದವರು ಯಾರು ಸರ್?"

ಮ್ಯಾನೇಜರ್ ಗಂಟಲು ಸರಿಪಡಿಸಿಕೊಂಡ. "ಅದು... ಮನುಷ್ಯರಿಗೆ ಅಂತ ಹಾಕಿದ್ದು. ನಿಮಗೆ ಅಂತ. ಪ್ರೋಗ್ರಾಂಗೂ ತಗಲುತ್ತೆ ಅಂತ ಅಂದ್ಕೊಂಡಿರಲಿಲ್ಲ."

ಮೀಟಿಂಗಿನ ಒಂದು ಮಾತಿಗೆ ಈ ಸೇಡು. ಸರ್ವರ್ ಓಡುತ್ತಿದ್ದಷ್ಟು ದಿನ ಪ್ರೋಗ್ರಾಂ ಮೊದಲೇ ಪಡೆದಿದ್ದ ಪಾಸ್‌ವರ್ಡಿನಲ್ಲೇ ಕೆಲಸ ನಡೆಸಿತ್ತು. ಮತ್ತೆ ಕೇಳಬೇಕಾದಾಗ ಆ ಸಾಲು ಅಡ್ಡ ನಿಂತಿತ್ತು. ಕೆಂಡಕ್ಕನ ಮೇಲಿನ ಮುನಿಸು ಆಪರೇಷನ್ ಟೇಬಲ್ಲಿನವರೆಗೆ ಹೋಗಿ ಮುಟ್ಟಿತ್ತು.

ಅವಳು ಕಿರುಚುತ್ತಾಳೆ ಎಂದು ನಾನು ಫೋನನ್ನು ಕಿವಿಯಿಂದ ದೂರ ಹಿಡಿದೆ. ಆದರೆ ಅವಳ ದನಿ ನಾನು ಎಂದೂ ಕೇಳದಷ್ಟು ಮೆಲ್ಲಗಿತ್ತು. "ನನ್ನ ಮೇಲೆ ಸಿಟ್ಟಿದ್ರೆ ಎದುರಿಗೆ ನಿಂತು ಬೈಬೇಕಿತ್ತು. ನಾನು ಬೈಯಲ್ವಾ ನಿಮಗೆ? ಎದುರಿಗೇ ಬೈತೀನಿ. ಈಗ ಅವಳ ಹತ್ರ ಕ್ಷಮೆ ಕೇಳಿ. ಫೋನ್ ಇಲ್ಲೇ ಇದೆ, ಕೇಳಿಸ್ಕೊಂಡಿದಾಳೆ."

ಅಷ್ಟು ಹೊತ್ತು ನಾನು ಕೇಳುತ್ತಿದ್ದೆನೆಂಬುದು ಆತನಿಗೆ ಗೊತ್ತಾದದ್ದು ಆಗಲೇ. "ತಪ್ಪು ತಿಳುವಳಿಕೆ ಆಯ್ತು ಮೇಡಂ" ಎಂದ.

"ತಪ್ಪು ತಿಳುವಳಿಕೆ ಅಲ್ಲ ಸರ್, ತಪ್ಪು" ಎಂದೆ ನಾನು. ಅಷ್ಟು ಧೈರ್ಯ ನನಗೆ ಎಲ್ಲಿಂದ ಬಂತೋ!

ನ್ಯಾಯ ಪೂರ್ತಿ ಸಿಕ್ಕಿತೆಂದು ಹೇಳಿದರೆ ಸುಳ್ಳಾಗುತ್ತದೆ. "ತಾಂತ್ರಿಕ ದೋಷ" ಎಂದು ಮ್ಯಾನೇಜರ್ ವರದಿ ಬರೆದು ಸಹಿಗೆ ತಂದಾಗ ಕೆಂಡಕ್ಕ ಸಹಿ ಹಾಕಲಿಲ್ಲ. ಅದಕ್ಕೆ ಕಂಪನಿಯವರು ಅವಳಿಗೇ ಎಚ್ಚರಿಕೆ ಕೊಟ್ಟರು, ನಡತೆ ಸರಿಯಿಲ್ಲವೆಂದು. ಲ್ಯಾಬಿನ ಹೆಂಗಸು ಸುಮ್ಮನಿರಲಿಲ್ಲ. ತಿಜೋರಿಯ ವಿಷಯಕ್ಕೆ ಕೆಂಡಕ್ಕನೊಡನೆ ಮಾತ್ರ ಮಾತಾಡುತ್ತೇವೆ, ಬೇರೆಯವರು ಬೇಡ ಎಂದು ಆಸ್ಪತ್ರೆಯಿಂದ ಹೇಳಿಸಿದರು. ಮ್ಯಾನೇಜರಿನ ಕೈಯಿಂದ ನಿಯಮ ಬರೆಯುವ ಅಧಿಕಾರ ಹೋಯಿತು. ಕುರ್ಚಿ ಹೋಗಲಿಲ್ಲ.

ನಾನು ಕೆಲಸಕ್ಕೆ ಮರಳಿದ ದಿನ ಕೆಂಡಕ್ಕನನ್ನು ಕೇಳಿದೆ, "ಇನ್ನೂ ಸಿಟ್ಟಿದ್ಯಾ ಅವರ ಮೇಲೆ?"

"ಇಲ್ದೆ? ಆರಿಸೋಕೆ ನಂಗೇನು ಅರ್ಜೆಂಟಾ?" ಎಂದು ಕುರ್ಚಿ ಎಳೆದುಕೊಂಡು, "ಕೂತ್ಕೋ. ನಿಂಗೆ ಯಾವ ಯಾವ ಖಾನೆ ಬೇಕು, ಹೇಳು" ಎಂದಳು.