ಎರಡು ಪದರ ತುಪ್ಪ

ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ನನ್ನ ಮೊಮ್ಮಗಳು ಕನ್ನಡದಾಗ ಭಾಷಣ ಮಾಡ್ತಾಳಂತ ಮುಂಬೈ ಹತ್ತಿರದ ಡೊಂಬಿವಿಲಿಯ ನಮ್ಮ ಬಿಲ್ಡಿಂಗಿನ ಬಾಗಿಲು ಬಾಗಿಲು ಬಡಿದು ಹೇಳಿ ಬಂದಿದ್ದೆ. ಇಲ್ಲೇ ಹುಟ್ಟಿದ ಹುಡುಗಿ. ಕನ್ನಡ ತಿಳೀತದ, ಉತ್ತರ ಮಾತ್ರ ಹಿಂದಿ. ನನ್ನ ಹಿಂದಿಯೋ, ಕಾಯಿಪಲ್ಲೆ ಮಾರೋ ಭಾಜಿವಾಲಿಯ ಹತ್ತಿರವೇ ಮುಗೀತದ. ಒಂದೇ ಹಾಸಿಗೆಯಲ್ಲಿ ಮಲಗಿದರೂ ನಮ್ಮ ಮಾತು ಅರ್ಧ ದಾರಿಗೇ ನಿಂತುಬಿಡುತ್ತಿತ್ತು.

ಭಾಷಣ ಹಿಮಕರಡಿಯ ಮೇಲೆ. ಅವರಪ್ಪ ಕನ್ನಡದಲ್ಲಿ ಹೇಳಿದ, ಇವಳು ಮರಾಠಿ ಅಕ್ಷರದಲ್ಲಿ ಬರಕೊಂಡಳು. ಕರಡಿಯ ಮೈಗೂದಲಿಗೆ ‘ತುಪ್ಪಳ’ ಅಂತ ಅವನು ಹೇಳಿದ್ದು ಇವಳಿಗೆ ಹೊಸ ಶಬ್ದ. ಮರಾಠಿಯ ತೂಪ್, ಅಜ್ಜಿಯ ತುಪ್ಪ ಗೊತ್ತಿತ್ತು. ಅಪ್ಪನೇ ತಪ್ಪಿರಬೇಕೆಂದು ಕೊನೆಯ ‘ಳ’ ಹೊಡೆದು ಹಾಕಿದ್ದಳು.

“ಹಿಮಕರಡಿಗೆ ಎರಡು ಪದರ ತುಪ್ಪ ಇರುತ್ತದೆ,” ಅಂದಳು ಕನ್ನಡ ಸಂಘದ ಸ್ಟೇಜಿನ ಮೇಲೆ. “ಒಳಗಿನ ತುಪ್ಪ ಗಿಡ್ಡ, ಒತ್ತೊತ್ತು. ಅದು ಮೈಯ ಬಿಸಿ ಹೊರಗೆ ಬಿಡುವುದಿಲ್ಲ. ಹೊರಗಿನ ತುಪ್ಪ ಉದ್ದ. ಮೈ ಕೊಡವಿದರೆ ತುಪ್ಪದ ನೀರೆಲ್ಲ ಹಾರಿಹೋಗುತ್ತದೆ.”

ಜನ ಬಿದ್ದು ಬಿದ್ದು ನಕ್ಕರು. ಮೆಚ್ಚಿ ನಗತಾರಂತ ತಿಳಿದು ಹುಡುಗಿ ಇನ್ನೂ ಜೋರಾಗಿ ಹೇಳಿದಳು. “ತುಪ್ಪ ಬೆಳ್ಳಗೆ ಕಂಡರೂ ಅದರ ಕೆಳಗೆ ಚರ್ಮ ಕಪ್ಪು!”

ಮೊದಲೇ ದುಂಡಗಿನ ಕೂಸು. ಕೆಳಗಿಳಿದಾಗ ಕಲ್ಯಾಣದಿಂದ ಬಂದಿದ್ದ ನನ್ನ ಮೈದುನ ಎಲ್ಲರಿಗೂ ಕೇಳುವಂತೆ ಅಂದ: “ಬಂತು ನೋಡ್ರಿ ತುಪ್ಪದ ಕರಡಿ! ವೈನಿ, ದಿನಾ ಎಷ್ಟು ಸುರುವ್ತೀರಿ ಇದಕ್ಕ?”

ಮನೆಗೆ ಬಂದ ಮೇಲೆ ಅವರಪ್ಪ ಆ ‘ಳ’ ಯಾಕೆ ಬೇಕಿತ್ತೆಂದು ತಿಳಿಸಿ ಹೇಳಿದ. ಹುಡುಗಿ ಗೋಡೆ ಕಡೆ ಮುಖ ಮಾಡಿ ಮಲಗಿದಳು. “ಅಜ್ಜಿ, ಅಬ್ ಕನ್ನಡಾ ಕಭೀ ನಹೀ.” ಇದ್ದ ಅರ್ಧ ದಾರಿಯೂ ಮುಚ್ಚಿತು. ಊಟಕ್ಕೆ ಕರೆದರೂ ಕೇಳದವಳಂತೆ ಕೂತಿರುತ್ತಿದ್ದಳು. ಮೈದುನ ಮಾತ್ರ ಫೋನಿನಲ್ಲಿ ಪ್ರತಿಸಲ, “ಕರಡಿ ಹೆಂಗದ?” ಎನ್ನುತ್ತಿದ್ದ.

ಯುಗಾದಿಗೆ ಹೆಂಡತಿ ಜೊತೆ ಊಟಕ್ಕೆ ಬಂದ. ಹೋಳಿಗೆ ಮೇಲೆ ತುಪ್ಪ ಬಡಿಸುತ್ತಿದ್ದೆ. “ವೈನಿ, ಕರಡಿಗೆ ಇನ್ನೊಂದು ಪದರ ಹಾಕ್ರಿ!”

ಹುಡುಗಿ ತಲೆ ಎತ್ತಿದಳು. ಅವನ ಬೋಳು ತಲೆ ನೋಡಿದಳು, ಕಡ್ಡಿಯಂಥ ತೋಳು ನೋಡಿದಳು. ಆಮೇಲೆ ನಿಧಾನಕ್ಕೆ, ಅಕ್ಷರ ಅಕ್ಷರ ಬಿಡಿಸಿ, ಕನ್ನಡದಲ್ಲೇ ಅಂದಳು:

“ಅಜ್ಜಾ, ಕರಡಿಗೆ ಮ್ಯಾಲೆ ತುಪ್ಪಳ ಅದ, ಒಳಗ ಕೊಬ್ಬು ಅದ. ನಿಮಗ ತುಪ್ಪಾನೂ ಇಲ್ಲ, ತುಪ್ಪಳಾನೂ ಇಲ್ಲ. ಹಿಮದಾಗ ಮೊದಲ ಸಾಯೋರು ನೀವ.”

ಮೊದಲು ನಕ್ಕವಳು ಅವನ ಹೆಂಡತಿಯೇ. ಅವನ ಕೈ ತಾನಾಗಿ ತಲೆ ಮೇಲೆ ಹೋಯಿತು. ಕೈಗಂಟಿದ ಹೂರಣ ಬೋಳಿಗೆ ಮೆತ್ತಿಕೊಂಡಿತು. ಎಲ್ಲರೂ ಮತ್ತೆ ನಕ್ಕರು. ಹಬ್ಬದ ದಿನ, ಹಿರಿಯ ಮನುಷ್ಯನಿಗೆ ‘ಸಾಯೋರು’ ಅನ್ನಬಾರದು, ಖರೆ. ನಾನು ಬೈಯಲಿಲ್ಲ. ಅವನು ಅರ್ಧ ಹೋಳಿಗೆ ಬಿಟ್ಟು ಎದ್ದರೂ ಕೂಡ್ರು ಅನ್ನಲಿಲ್ಲ. ಏಳು ಮಕ್ಕಳನ್ನು ಹೆತ್ತಷ್ಟು ಸಂತೋಷ ನನಗೆ! ‘ಳ’ ಎಷ್ಟು ಚಂದ ಅಂದಿತು ಕೂಸು!

“ಇನ್ನೊಮ್ಮೆ ಹೇಳವ್ವಾ,” ಅಂದೆ.

“ಮೊದಲ ತುಪ್ಪ ಹಾಕು,” ಅಂದಳು.